ಬಾನೆಟ್ಟಿನೊಳಗಿನ ಸೇವಂತಿಗೆ

ರೌಂಡ್ ರಾಕ್, ಟೆಕ್ಸಾಸ್
ಡಿಸೆಂಬರ್ 14, 2025, ಭಾನುವಾರ

ಪ್ರೀತಿಯ ಅತ್ತೆ,

ನಮಸ್ಕಾರ. ಮೊಣಕಾಲು ಹೇಗಿದೆ? ಇಲ್ಲಿಂದ ಒಯ್ದ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀರೋ, ಹೊಸದು ಹಾಳಾದೀತೆಂದು ಡಬ್ಬಿಯಲ್ಲೇ ಇಟ್ಟಿದ್ದೀರೋ? ಧಾರವಾಡದಲ್ಲಿ ಈಗ ಬೆಳಗಿನ ಚಳಿ ಜೋರಿರಬೇಕು, ತಣ್ಣೀರು ಮುಟ್ಟಬೇಡಿ. ಹರ್ಷಿಣಿಯ ಮದುವೆ ಫೆಬ್ರವರಿಯಲ್ಲೇ ಬಂದುಬಿಟ್ಟಿತು; ಮಗಳ ಮದುವೆಯ ಓಡಾಟವೆಲ್ಲ ನಿಮ್ಮೊಬ್ಬರ ಮೇಲೇ ಬಿದ್ದಿರುತ್ತದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀವು ಹಿತ್ತಲಲ್ಲಿ ಹಾಕಿದ್ದ ಮೆಂತ್ಯವನ್ನು ಒಂದು ಮೊಲ ಬೇಲಿ ನುಸುಳಿ ಬಂದು ಪೂರ್ತಿ ಮೇಯ್ದು ಹೋಯಿತು. ಅನೂಪ್ ಅದಕ್ಕೆ ನಿಮ್ಮ ನಾದಿನಿ ಸೀತಾಬಾಯಿಯವರ ಹೆಸರಿಟ್ಟಿದ್ದಾರೆ. ಈ ಭಾಗವನ್ನು ಅವರೆದುರು ಗಟ್ಟಿಯಾಗಿ ಓದಬೇಡಿ.

ಫೋನ್ ಇರುವಾಗ ಪತ್ರವೇಕೆ ಎನ್ನುತ್ತೀರಿ. ಫೋನಿನಲ್ಲಿ ನಾನು ಹೇಗೆಂದು ನಿಮಗೆ ಗೊತ್ತೇ ಇದೆ. ‘ಊಟ ಆಯ್ತಾ ಅತ್ತೆ’ ಎಂದ ಮೇಲೆ ನನ್ನ ಮಾತು ಮುಗಿಯುತ್ತದೆ. ಕಳೆದ ಭಾನುವಾರ ನೀವು ಮಾತಾಡುವಾಗ ಅನೂಪ್ ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲಿಟ್ಟಿದ್ದರು. ನಾನು ಪಕ್ಕದಲ್ಲೇ ಹುರುಳಿಕಾಯಿ ಹೆಚ್ಚುತ್ತಿದ್ದೆ. ಕಾರು ರಿಪೇರಿಯಾಯಿತು, ಬಿಸಿಲಿಗೆ ಒಂದು ತಂತಿ ಕೆಟ್ಟಿತ್ತು ಅಷ್ಟೆ ಎಂದು ಅವರು ಹೇಳಿದ್ದಕ್ಕೆ ನೀವು ಅಂದಿರಿ: ‘ಊರ ಮಂದಿ ಗಾಡಿ ಎಲ್ಲಾ ಅದಾವಲ್ಲೋ ಆ ಬಿಸಿಲಾಗ. ನಾ ಪೂಜಿ ಮಾಡಿದ್ದೊಂದ ಯಾಕ ಕೆಡಬೇಕು? ನಾ ಕೈ ಹಚ್ಚಬಾರದಿತ್ತು. ಇನ್ನ ಯಾವ ಶುಭಕ್ಕೂ ಹಚ್ಚಂಗಿಲ್ಲ.’ ಅನೂಪ್ ‘ಏನರೆ ಮಾತಾಡ್ತೀಯವ್ವಾ’ ಎಂದು ನಕ್ಕು ವಿಷಯ ಬದಲಿಸಿದರು. ನನ್ನ ಕೈಯಲ್ಲಿ ಚಾಕು ಹಾಗೇ ನಿಂತಿತು. ತಂತಿ ಬಿಸಿಲಿಗೆ ಕೆಟ್ಟದ್ದಲ್ಲ, ಅತ್ತೆ. ನಡೆದದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ನಡುವೆ ಒಂದು ಕಡೆ ನಿಮ್ಮ ಮುಖ ಬಾಡುತ್ತದೆ. ದಯವಿಟ್ಟು ಅಲ್ಲಿಗೇ ಮಡಚಿಡಬೇಡಿ, ಕೊನೆಯವರೆಗೂ ಓದಿ.

ಮಾವನವರು ತೀರಿಕೊಂಡ ಮೇಲೆ ನೀವು ಆರತಿ ತಟ್ಟೆ ಮುಟ್ಟಿರಲಿಲ್ಲ. ಅಕ್ಟೋಬರಿನಲ್ಲಿ ಇಲ್ಲಿ ನಮ್ಮ ಕಾರಿಗೆ ಆಯುಧ ಪೂಜೆ ಮಾಡಿದ ದಿನವೂ ‘ನೀನ ಮಾಡವಾ, ಮುತ್ತೈದಿ ನೀ’ ಎಂದು ತಟ್ಟೆಯನ್ನು ನನ್ನ ಕೈಗೇ ಕೊಟ್ಟಿರಿ. ನನಗೆ ಮಂತ್ರ ಬರುವುದಿಲ್ಲ, ನೀವೇ ಮಾಡಿ ಎಂದು ನಾನು ಹಟ ಹಿಡಿದೆ. ನೀವು ರಸ್ತೆಯ ಆ ತುದಿ ಈ ತುದಿ ನೋಡಿದಿರಿ. ಅಂಚೆಯವರ ಗಾಡಿಯೊಂದು ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೆ ತಟ್ಟೆಯನ್ನು ಮತ್ತೆ ಕೈಗೆ ತೆಗೆದುಕೊಂಡಿರಿ. ಹೊರಗೆ ಕುಂಕುಮ ಹಚ್ಚಿ ಮುಗಿಸುತ್ತೀರಿ ಎಂದುಕೊಂಡರೆ, ಅನೂಪ್ ಅವರಿಂದ ಬಾನೆಟ್ ತೆಗೆಸಿದಿರಿ. ‘ಜೀವ ಇರೂದು ಒಳಗ. ಬರೇ ಮಾರಿಗೆ ಬಣ್ಣ ಬಳದ್ರ ಏನ್ ಬಂತು?’ ಎಂದು ಎಂಜಿನ್ನಿಗೇ ಕುಂಕುಮ, ಎಂಜಿನ್ನಿಗೇ ಸೇವಂತಿಗೆ. ಕೊನೆಗೆ ಕಾಯಿ ಒಡೆದು ಅದರ ನೀರನ್ನೂ ಅಲ್ಲೇ ಧಾರೆಯಾಗಿ ಬಿಟ್ಟಿರಿ. ಹೂಸ್ಟನ್ನಿಗೆ ಹೋದಾಗ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ನಮ್ಮವರ ಅಂಗಡಿಯಲ್ಲಿ ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ, ‘ಇದರಾಗ ನೀರು ಭಾಳ ಅದ’ ಎಂದು ನೀವೇ ಆರಿಸಿದ ಕಾಯಿ ಅದು. ಎಂಜಿನಿಯರ್ ಮಗ ಪಕ್ಕದಲ್ಲಿ ನಿಂತು ವಿಡಿಯೋ ಮಾಡುತ್ತಿದ್ದರು. ‘ಇನ್ನೊಂದ್ ಸಲ ಹಾಕವ್ವಾ, ಚಲೋ ಬಂದಿಲ್ಲ’ ಎಂದದ್ದೂ ಅವರೇ.

ನೀವು ಊರಿಗೆ ಹೊರಟ ಮೇಲೆ, ನವೆಂಬರಿನಲ್ಲಿ, ಕ್ಯಾರಲ್ಟನ್‌ನ ಗೆಳೆಯರ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟಿದ್ದೆವು. ಮಂಜು ಮುಸುಕಿದ ಬೆಳಗು, ಡ್ರೈವ್ ಮಾಡುತ್ತಿದ್ದವಳು ನಾನು. ಹೆದ್ದಾರಿಯಲ್ಲಿ ಇದ್ದಕ್ಕಿದ್ದಂತೆ ಎಂಜಿನ್ನಿನ ಹಳದಿ ದೀಪ ಹತ್ತಿತು, ಎಷ್ಟು ಒತ್ತಿದರೂ ವೇಗ ಏರಲಿಲ್ಲ. ಹಿಂದೆ ದೊಡ್ಡ ಟ್ರಕ್ಕುಗಳು ಹಾರ್ನ್ ಹೊಡೆದು ಪಕ್ಕದಿಂದ ಹಾದುಹೋಗುತ್ತಿದ್ದವು. ‘ಏನ ಒತ್ತಿದಿ?’ ಎಂದು ಅನೂಪ್ ಕೇಳಿದ್ದು ಬೈದದ್ದಲ್ಲ, ಆದರೂ ಅಂದಿನಿಂದ ನಾನು ಸ್ಟೇರಿಂಗ್ ಮುಟ್ಟಲಿಲ್ಲ. ನೀವು ಪಕ್ಕದಲ್ಲಿ ಕೂತು ‘ನಡಿ, ಏನೂ ಆಗಂಗಿಲ್ಲ’ ಎಂದು ಹೇಳಿ ಹೇಳಿ ಕಲಿಸಿದ ಡ್ರೈವಿಂಗ್ ಅದು, ಅತ್ತೆ. ಇಲ್ಲಿಯ ಗ್ಯಾರೇಜಿನವರು ಟರ್ಬೋ ಕೆಟ್ಟಿದೆ, ಇಡೀ ಬದಲಾಯಿಸಬೇಕು ಎಂದರು. ಟರ್ಬೋ ಎಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಚಕ್ರ. ಒಲೆಗೆ ಊದುಗೊಳವೆ ಇದ್ದ ಹಾಗೆ.

ಹೋದ ಶನಿವಾರಕ್ಕೆ ಮುಂಚಿನ ಶನಿವಾರ ಹೂಸ್ಟನ್ನಿನಿಂದ ಉಲ್ಲಾಸ್ ಬಂದರು. ಅದೇ, ನಿಮ್ಮ ಜುಣಕದ ವಡೆಯನ್ನು ತಟ್ಟೆ ಸಮೇತ ಮುಗಿಸಿದ ಹುಬ್ಬಳ್ಳಿಯವರು. ಅವರ ಕೆಲಸವೇ ಯಂತ್ರಗಳದ್ದು. ಕಾರಿಗೆ ತಮ್ಮ ಸ್ಕ್ಯಾನರ್ ಜೋಡಿಸಿ ಓದಿದರು. ‘ನೋಡ್ರಿ, ಟರ್ಬೋ ಕೆಟ್ಟದ ಅಂತ ಎಲ್ಲೂ ಬರದಿಲ್ಲ. ಅದನ್ನ ಹಿಡಿತದಾಗ ಇಡೋ ಸರ್ಕ್ಯೂಟ್‌ನಾಗ ತೊಂದ್ರಿ ಅಂತ ಬರದದ’ ಎಂದರು. ಎಷ್ಟು ಗಾಳಿ ಬೇಕೆಂಬುದನ್ನು ಕಾರಿನ ಕಂಪ್ಯೂಟರ್ ಎರಡು ತಂತಿಗಳ ಮೂಲಕ ಒಂದು ಪುಟ್ಟ ಕವಾಟಕ್ಕೆ ಹೇಳುತ್ತದೆಯಂತೆ. ಆ ಮಾತು ತಲುಪದಿದ್ದರೆ ಎಂಜಿನ್ ಹೆದರಿ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ‘ಯಾವಾಗ ಹಿಂಗ ಆಗ್ತದ?’ ಎಂದು ಕೇಳಿದರು. ಅನೂಪ್ ‘ಯಾವಾಗ್ ಬೇಕಾದ್ರೂ’ ಎಂದರು. ನಾನು ಬಾಗಿಲ ಬಳಿಯಿಂದಲೇ, ಮಂಜು ಬಿದ್ದ ಬೆಳಗು, ಮಳೆಯ ಮರುದಿನ ಹೀಗಾಗುತ್ತದೆ, ಬಿಸಿಲೇರಿದ ಮೇಲೆ ದೀಪ ಬರುವುದಿಲ್ಲ ಎಂದೆ. ಓಡಿಸುವುದು ಬಿಟ್ಟವಳು ಪಕ್ಕದಲ್ಲಿ ಕೂತು ನೋಡುವುದನ್ನಂತೂ ಬಿಟ್ಟಿರಲಿಲ್ಲ. ಉಲ್ಲಾಸ್ ತಿರುಗಿ ನೋಡಿ ‘ಹಂಗಾರ ಎಲ್ಲೋ ಪಸೆ ಹೊಕ್ಕದ’ ಎಂದರು.

ಕವಾಟವನ್ನು ಮೀಟರಿನಿಂದ ಅಳೆದರು, ಸರಿಯಿತ್ತು. ಪ್ಲಗ್ ಬಿಚ್ಚಿ ತಂತಿಯನ್ನು ಅಳೆದರೆ ವೋಲ್ಟೇಜೂ ಪೂರ್ತಿ ಇತ್ತು. ಅನೂಪ್ ‘ಎಲ್ಲಾ ಸರಿ ಅದಲ್ಲೋ ಮತ್ತ’ ಎಂದರು. ‘ಸುಮ್ನ ನಿಂತವರು ಎಲ್ಲಾರೂ ಸರೀನ ಕಾಣ್ತಾರ. ಕೆಲಸಕ್ಕ ಹಚ್ಚಿ ನೋಡೂಣು’ ಎಂದು ಉಲ್ಲಾಸ್ ಒಂದು ಪುಟ್ಟ ಬಲ್ಬನ್ನು ಆ ತಂತಿಗೆ ಜೋಡಿಸಿದರು. ಬಲ್ಬು ಕೆಂಪಗೆ ಮಿಣುಕಿತು, ಅಷ್ಟೆ. ಪ್ಲಗ್ ಅಲ್ಲಾಡಿಸಿದರೆ ಝಗ್ಗನೆ ಬೆಳಗಿ ಮತ್ತೆ ಮಂಕಾಯಿತು. ಅದರೊಳಕ್ಕೆ ಟಾರ್ಚ್ ಬಿಟ್ಟರೆ ಹಿತ್ತಾಳೆಯ ಮೊನೆಗಳ ಮೇಲೆ ಹಸಿರು ಪುಡಿ, ಅದರ ಅಂಚಿನಲ್ಲಿ ಒಂದಿಷ್ಟು ಕೆಂಪು. ಕೆಳಗಿನ ಸಂದಿಯಲ್ಲಿ ಒಣಗಿದ ಒಂದು ಸೇವಂತಿಗೆ ಎಸಳು. ‘ಇಲ್ಲೇನ್ರಿ ಸುರದೀರಿ?’ ಎಂದು ಉಲ್ಲಾಸ್ ಕೇಳಿದರು. ಅನೂಪ್ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಆಮೇಲೆ ಅವರು ಡ್ರೈವ್‌ವೇಯಲ್ಲಿ ಬಕೆಟ್ ಬೋರಲು ಹಾಕಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ, ‘ಅವ್ವಗ ಹೇಳಬ್ಯಾಡ. ಮನಸ್ಸಿಗೆ ಹಚ್ಕೋತಾಳ’ ಎಂದರು.

ಇದೇ ಅತ್ತೆ ನಿಮ್ಮ ಮುಖ ಬಾಡುವ ಜಾಗ. ಓದುತ್ತಿದ್ದೀರಿ ತಾನೆ?

ಕಾಯಿನೀರಿನಲ್ಲಿ ಉಪ್ಪಿನಂಶ ಇರುತ್ತದೆ. ಆ ಪ್ಲಗ್ಗಿನ ರಬ್ಬರ್ ಉಂಗುರ ನಮ್ಮ ಹಳೆಯ ಕಾರಿನಲ್ಲಿ ಮೊದಲೇ ಬಿರುಕು ಬಿಟ್ಟಿತ್ತು. ನೀರು ಒಳಗಿಳಿಯಿತು, ಹಿತ್ತಾಳೆ ಕಿಲುಬು ಹಿಡಿಯಿತು. ಹೌದು, ನಿಮ್ಮ ಕೈಯಿಂದಲೇ ಆದದ್ದು. ಆದರೆ ನಾನೇ ಸುರಿದಿದ್ದರೂ ಇದೇ ಆಗುತ್ತಿತ್ತು. ತಲೆತುಂಬ ಹೂ ಮುಡಿದು ಹತ್ತು ಜನ ಮುತ್ತೈದೆಯರು ಸಾಲಾಗಿ ನಿಂತು ಸುರಿದಿದ್ದರೂ ಇದೇ. ತಂತಿಗೆ ಯಾರ ಹಣೆಯಲ್ಲಿ ಏನಿದೆ ಎಂಬುದು ಕಾಣುವುದಿಲ್ಲ. ಅನೂಪ್ ಹೇಳಿದ ಸುಳ್ಳು ನಿಮ್ಮನ್ನು ನೋಯಿಸಬಾರದೆಂದೇ ಹೇಳಿದ್ದು. ಆದರೆ ಅವರು ಕಾರಣವನ್ನು ಮುಚ್ಚಿಟ್ಟ ಜಾಗದಲ್ಲಿ ನೀವು ಶಕುನವನ್ನು ತಂದಿಟ್ಟುಕೊಂಡಿರಿ. ಕಾಯಿನೀರು ಸುರಿದ ತಪ್ಪು ಬೇಕಾದರೆ ನಿಮ್ಮದಿರಲಿ, ನಕ್ಕು ಮರೆಯಬಹುದಾದ ತಪ್ಪು ಅದು. ಅಪಶಕುನವೆಂಬ ಇನ್ನೊಂದನ್ನು ನೀವು ಹೊರುವುದನ್ನು ನಾನು ನೋಡಲಾರೆ.

ಹೊಸ ಪ್ಲಗ್ ಹಾಕಿಯಾಯಿತು. ಮೊನ್ನೆ ಮಂಜು ಬಿದ್ದಿದ್ದ ಬೆಳಿಗ್ಗೆಯೇ ಬೇಕೆಂದು ನಾನೊಬ್ಬಳೇ ಆಸ್ಟಿನ್‌ವರೆಗೂ ಓಡಿಸಿದೆ, ದೀಪ ಬರಲಿಲ್ಲ. ಪಕ್ಕದ ಖಾಲಿ ಸೀಟಿನಿಂದ ದಾರಿಯುದ್ದಕ್ಕೂ ನಿಮ್ಮ ‘ನಡಿ, ಏನೂ ಆಗಂಗಿಲ್ಲ’ ಕೇಳಿಸುತ್ತಿತ್ತು. ಬರುವ ವರ್ಷವೂ ಕಾರಿಗೆ ನೀವೇ ಪೂಜೆ ಮಾಡಬೇಕು. ಕಾಯಿನೀರನ್ನು ಮಾತ್ರ ನಾವೇ ಕುಡಿಯೋಣ. ಹರ್ಷಿಣಿಗೆ ನನ್ನ ಪ್ರೀತಿ ಹೇಳಿ. ನಿಮ್ಮ ಆಶೀರ್ವಾದ ಸದಾ ಬೇಡುವ,

ನಿಮ್ಮ ಸೊಸೆ,
ಸಿಂಚನಾ

ಅವಸರದಲ್ಲಿ: ನಾಳೆ ಹುಬ್ಬಳ್ಳಿಗೆ ಹೊರಡುವ ಉಲ್ಲಾಸ್ ಇದನ್ನು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಜೊತೆಯ ಪೊಟ್ಟಣದಲ್ಲಿ ಆ ಹಳೆಯ ಪ್ಲಗ್ ಇದೆ. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ. ಮದುವೆಯಲ್ಲಿ ಆರತಿ ತಟ್ಟೆಯನ್ನು ಸೀತಾಬಾಯಿಯವರಿಗೆ ಒಪ್ಪಿಸಿ, ನೀವು ಒಳಗಿನ ಕೋಣೆಯಲ್ಲಿ ಇರುತ್ತೀರಂತೆ. ಹರ್ಷಿಣಿ ನಿನ್ನೆ ಫೋನಿನಲ್ಲಿ ಅಳುತ್ತಾ ಹೇಳಿದಳು. ತಟ್ಟೆ ವಾಪಸ್ ಇಸಿದುಕೊಳ್ಳಿ. ಅಂದು ಅದು ನಿಮ್ಮ ಕೈಯಲ್ಲಿ ಕಾಣದಿದ್ದರೆ, ಮಂಟಪದಲ್ಲಿ ಎಲ್ಲರೆದುರು ಎದ್ದು ನಿಂತು, ಈ ಪ್ಲಗ್ ಎತ್ತಿ ಹಿಡಿದು, ಇಡೀ ಕಥೆ ಹೇಳುತ್ತೇನೆ. ನಾಲ್ಕು ಜನರ ಮುಂದೆ ನಾನು ಬಾಯಿ ಬಿಡುವವಳಲ್ಲ ಎಂಬುದು ನಿಮಗೆ ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ, ಹೆದರಿಕೊಳ್ಳಿ.