ಹಳದಿ ಫ್ರಾಕಿನ ತುಂಡು

ಪ್ರೀತಿಯ ಅಕ್ಕ,

ಹಳೆಯ ಜರ್ಮನ್ ಸೈನಿಕರ ಉಕ್ಕಿನ ಹೆಲ್ಮೆಟ್ಟೊಂದನ್ನು ನಿನ್ನೆ ಒಬ್ಬರು ತಂದು, "ಅಸಲಿಯೋ ನಕಲಿಯೋ ನೋಡಿ ಹೇಳಿ ಸಾರ್" ಅಂದರು. ಉಕ್ಕು ಅಸಲಿ, ಒಳಗಿನ ಮುದ್ರೆ ಅಸಲಿ, ಪಿನ್ನುಗಳೂ ಅಸಲಿ. ಒಳಗಿನ ಚರ್ಮದ ಪಟ್ಟಿ ಮಾತ್ರ ಆಮೇಲೆ ಹಾಕಿದ್ದು. ಅದರ ಹೊಲಿಗೆ ಎಡಗೈಯವರದು ಎಂದು ಗೊತ್ತಾದಾಗ, ಎಲ್ಲಕ್ಕೂ ಎಡಗೈಯನ್ನೇ ಆಡಿಸುತ್ತಿದ್ದ ಅಮ್ಮ ನೆನಪಾದಳು. ಅಮ್ಮ ನಾಟಕ ಕಂಪನಿಗೆ ಹೊಲಿಯುತ್ತಿದ್ದಾಗ ಇಂಥದೊಂದು ಮನೆಗೆ ಬಂದಿತ್ತಲ್ಲ?

ಪಟ್ಟಿ ಎತ್ತಿ ನೋಡಿದರೆ, ನಟನ ಹಣೆಗೆ ಒತ್ತದಿರಲೆಂದು ಚರ್ಮದಡಿ ಬಟ್ಟೆ ಮಡಿಸಿಟ್ಟಿದ್ದಳು. ಬಿಳಿ ಚುಕ್ಕೆಯ ನಿನ್ನ ಹಳದಿ ಫ್ರಾಕು ಅದು. ನಾನೇ ಕಳೆದೆನೆಂದು ನೀನು ಇವತ್ತಿಗೂ ಚುಚ್ಚುವ ಫ್ರಾಕು. ಅಂದು ಅಪ್ಪ ನನಗೆ ಬಾರಿಸಿದಾಗ ಅಮ್ಮ ತುಟಿಪಿಟಕ್ಕೆನ್ನಲಿಲ್ಲ. ಆ ವಾರವೆಲ್ಲ ಮಾತ್ರ ಹೋಗುತ್ತಾ ಬರುತ್ತಾ ಸುಮ್ಮಸುಮ್ಮನೆ ನನ್ನ ತಲೆ ಸವರುತ್ತಿದ್ದಳು.

ವರದಿಯಲ್ಲಿ ಒಳಪಟ್ಟಿ ಅಸಲಿಯಲ್ಲವೆಂದೇ ಬರೆದೆ, ಬರೆಯಲೇಬೇಕಲ್ಲ. "ಹಾಗಾದ್ರೆ ಕಿತ್ತು ಬಿಸಾಕಿ" ಅಂದರು ಅವರು. ಬಟ್ಟೆಯನ್ನು ಇದರೊಂದಿಗೆ ಕಳಿಸಿದ್ದೇನೆ, ದಯವಿಟ್ಟು ಒಗೆಯಬೇಡ. ಅಮ್ಮನ ಹೊಲಿಗೆಯಿರುವ ಚರ್ಮವನ್ನು ನಾನಿಟ್ಟುಕೊಂಡೆ. ಬೇಜಾರಾಗಬೇಡ ಅಕ್ಕ, ಏಟು ತಿಂದವನು ನಾನಲ್ಲವೆ?

ಇಂತಿ,
ಫ್ರಾಕು ಕಳೆಯದ ನಿನ್ನ ತಮ್ಮ