ಬ್ಯಾಂಕಿನಲ್ಲಿ ತುಂಬಿದ ಉಡಿ

ಮಡಕಶಿರ
14 ಸೆಪ್ಟೆಂಬರ್ 2025

ಪ್ರೀತಿಯ ಕಲ್ಲೇಶ ಮಾವನಿಗೆ ವನಿತಾಳ ನಮಸ್ಕಾರ.

ನೀನೂ ಅಜ್ಜಿಯೂ ಚೆನ್ನಾಗಿದ್ದೀರಿ ಎಂದು ಅಮ್ಮ ಹೇಳಿದಳು. ನಾನೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಈ ಸಲ ಆ ಸಾಲು ಬಿಡುತ್ತೇನೆ. ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನಗಬೇಡ. ಫೋನ್ ಮಾಡಿದರೆ ಮೆಷಿನ್ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ನೀನು ಸ್ಪೀಕರ್ ಹಾಕುತ್ತೀ. ನಿನ್ನ ಅಂಗಡಿಯಲ್ಲಿ ಜೀನ್ಸ್ ಹೊಲಿಯುವವರೆಲ್ಲ ಕಿವಿಗೊಟ್ಟು, ಸಂಜೆಯೊಳಗೆ ಅದು ರಾಯದುರ್ಗದ ಸುದ್ದಿಯಾಗುತ್ತದೆ.

ಮೊನ್ನೆ ಅಮ್ಮ ಅಮರಾಪುರದಿಂದ ಬಂದಿದ್ದಳು. ಕಾರ್ತಿಕದಲ್ಲಿ ನನ್ನ ನಿನ್ನ ಮದುವೆಗೆ ಅಜ್ಜಿ ದಿನ ನೋಡಿಸಿದ್ದಾಳಂತೆ. ನನಗೆ ಆಗುವುದಿಲ್ಲ ಎಂದೆ. ಇಷ್ಟು ವರ್ಷ ಅಮರಾಪುರದಲ್ಲಿ ಬಾಳಿದರೂ ಸಿಟ್ಟು ಬಂದರೆ ಅಮ್ಮನ ಮಾತು ತವರಿನದೇ. "ಬ್ಯಾಂಕಿನಾಗ ಉಡಿ ಒಡ್ಡಿದಾಕಿ ನೀನಲ್ಲೇನು? ಸಾಲ ತೀರಿಸಾವನೂ ಅವನ, ಕೈ ಹಿಡಿಯಾವನೂ ಅವನ. ಇನ್ನೇನು ಬೇಕವ್ವ ನಿನಗ?" ಎಂದು ಅತ್ತಳು.

ಆ ದಿನ ನಿನಗೆ ನೆನಪಿದೆಯಾ? ಅನಂತಪುರದಲ್ಲಿ ನನಗೆ ಡಯಾಲಿಸಿಸ್ ಕೋರ್ಸಿನ ಸೀಟು ಸಿಕ್ಕಿತ್ತು. ಅಪ್ಪನ ಹತ್ತಿರ ಆದಾಯದ ಕಾಗದವಿಲ್ಲ ಎಂದು ಬ್ಯಾಂಕಿನವರು ತಲೆಯಾಡಿಸಿದಾಗ ನೀನು ಅಂಗಡಿ ಬಿಟ್ಟು ಓಡಿ ಬಂದೆ, ಜಾಮೀನು ಸಹಿ ಹಾಕಿದೆ. ನೀನು ಪೆನ್ನು ಕೆಳಗಿಡುವ ಮೊದಲೇ ಅಜ್ಜಿ ಚೀಲದಿಂದ ಕುಪ್ಪಸದ ಕಣ, ಎಲೆ ಅಡಿಕೆ, ಅಕ್ಕಿ, ಬಾಳೆಹಣ್ಣು ತೆಗೆದು, "ಉಡಿ ಒಡ್ಡವ್ವ" ಎಂದಳು. ಸೀಟು ಸಿಕ್ಕಿದ್ದಕ್ಕೆ ಹರಸುತ್ತಿದ್ದಾಳೆ ಎಂದುಕೊಂಡು ಚೂಡಿದಾರದ ವೇಲು ಹರಡಿದೆ. ಹದಿನೆಂಟರ ಹುಡುಗಿಗೆ ಇನ್ನೇನು ತಿಳಿಯಬೇಕು? ಮ್ಯಾನೇಜರ್ ಕೂಡ ನಕ್ಕು ಒಂದು ಬಾಳೆಹಣ್ಣು ತೆಗೆದುಕೊಂಡರು. ಅವರ ಲೆಕ್ಕದಲ್ಲಿ ಅಂದು ಸಾಲ ಮಂಜೂರಾಯಿತು, ಅಜ್ಜಿಯ ಲೆಕ್ಕದಲ್ಲಿ ಹೆಣ್ಣು ಗೊತ್ತಾಯಿತು. ನಿನ್ನ ಲೆಕ್ಕದಲ್ಲಿ ಏನಾಯಿತು ಎಂದು ಕೇಳಲು ನನಗೆ ಇವತ್ತಿಗೂ ಹೆದರಿಕೆ.

ಆಸ್ಪತ್ರೆಯ ಓದು ಕೈ ಬಿಡುವುದಿಲ್ಲ ಎಂದು ಎಲ್ಲರೂ ಹೇಳಿದರು. ಕೈ ಬಿಟ್ಟಿಲ್ಲ, ನಿಜ. ಹಿಡಿದ ಕೈಯನ್ನು ಬಿಡುತ್ತಲೂ ಇಲ್ಲ. ತೆಗೆದದ್ದು ನಾಲ್ಕು ಲಕ್ಷ, ಓದು ಮುಗಿಯುವಷ್ಟರಲ್ಲಿ ಬಡ್ಡಿ ಸೇರಿ ಐದೂವರೆ. ಏಳು ವರ್ಷ, ತಿಂಗಳಿಗೆ ಒಂಬತ್ತು ಸಾವಿರದ ಕಂತು. ನನ್ನ ಸಂಬಳ ಹದಿನೈದು ಸಾವಿರ. ಕಂತೂ ನಾನೇ ಕಟ್ಟಿದರೆ, ರೂಮು, ಊಟ ಕಳೆದು ಉಳಿಯುವುದರಲ್ಲಿ ಅಮ್ಮನನ್ನು ನೋಡಿ ಬರಬಹುದು, ಅವಳಿಗೆ ಏನೂ ಒಯ್ಯುವ ಹಾಗಿಲ್ಲ. ನಿನ್ನ ಅಂಗಡಿಯಲ್ಲಿ ಜಿಪ್ಪು ಕೂರಿಸುವ ಪಂಪಮ್ಮ ನನಗಿಂತ ಹೆಚ್ಚು ದುಡಿಯುತ್ತಾಳೆ. ಅವಳಿಗೆ ಇದನ್ನು ಹೇಳಬೇಡ, ಮೊದಲೇ ಅವಳದು ಬಾಯಿ ಜೋರು.

ಕೆಲಸ ಮಾತ್ರ ನನಗೆ ಇಷ್ಟ, ಮಾವ. ರತ್ನಗಿರಿಯಿಂದ ಬರುವ ತಾತನೊಬ್ಬ ನನ್ನ ಕೈಯಲ್ಲೇ ಸೂಜಿ ಹಾಕಿಸಿಕೊಳ್ಳುತ್ತಾನೆ, "ಈ ಹುಡ್ಗಿ ಚುಚ್ಚಿದ್ರೆ ಗೊತ್ತೇ ಆಗಲ್ಲ ಕಣಮ್ಮ" ಎಂದು ಪಕ್ಕದವರಿಗೆ ಹೇಳುತ್ತಾನೆ. ರೋಗಿಗಳು ನಾಲ್ಕು ಗಂಟೆ ಮೆಷಿನ್ನಿಗೆ ಕಟ್ಟುಬಿದ್ದು ಮಲಗುತ್ತಾರೆ, ಆಮೇಲೆ ಬಿಚ್ಚಿ ಕಳಿಸುತ್ತೇನೆ. ಅವರು ಬಾಗಿಲು ದಾಟಿ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಕಾಯಿಲೆಯವರನ್ನು ಕಂಡು ಕರುಬುವ ಪಾಪಿ ಊರಲ್ಲಿ ನಾನೊಬ್ಬಳೇ ಇರಬೇಕು.

ಎಂಟು ತಿಂಗಳಿಂದ ಕಂತು ನೀನೇ ಕಟ್ಟುತ್ತಿದ್ದೀ. ಕೇಳಿದಾಗಲೆಲ್ಲ "ಇರ್ಲಿ ಬಿಡವ್ವ, ನೀನೇನು ಹೊರಗಿನಾಕಿಯೇನು" ಅನ್ನುತ್ತೀ. ಆಗ ಆ ಮಾತು ಹಿತವಾಗಿತ್ತು. ಈಗ ಅದರಲ್ಲಿ ಅಜ್ಜಿಯ ಲೆಕ್ಕವೂ ಕೇಳಿಸುತ್ತದೆ. ನೀನು ಕೆಟ್ಟವನಾಗಿದ್ದರೆ ಜಗಳವಾಡಿ ಬಿಡಿಸಿಕೊಳ್ಳುತ್ತಿದ್ದೆ. ನಾನು ಚಿಕ್ಕವಳಿದ್ದಾಗ ಗುಮ್ಮಘಟ್ಟದಿಂದ ಬರುವ ಷೇರ್ ಆಟೋದಲ್ಲಿ ಜಾಗವಿಲ್ಲದೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದವನು ನೀನು. ನನಗೆ ನಿದ್ದೆ ಹತ್ತಿತ್ತೆಂದು ಕಾಲು ಜೋಮು ಹಿಡಿದರೂ ಕದಲಲಿಲ್ಲವಂತೆ. ಅಂಥವನನ್ನು ಗಂಡನೆಂದು ನೋಡಲು ನನ್ನಿಂದ ಆಗುವುದಿಲ್ಲ. ಮನಸ್ಸನ್ನು ಒಪ್ಪಿಸಲು ನೋಡಿದೆ, ದೇವರಾಣೆ. ಆಗಲಿಲ್ಲ.

ಅದಕ್ಕೇ ಒಂದು ದಾರಿ ಮಾಡಿಕೊಂಡಿದ್ದೇನೆ. ನೀನು ಕಟ್ಟಿದ ಎಪ್ಪತ್ತೆರಡು ಸಾವಿರ ಮುಂದಿನ ವಾರ ನಿನ್ನ ಕೈ ಸೇರುತ್ತದೆ. ಈ ತಿಂಗಳಿಂದ ಕಂತು ನನ್ನದು. ದುಡ್ಡು ಎಲ್ಲಿಂದ ಬಂತು ಎಂದು ಕೇಳಬೇಡ, ಕದ್ದಿಲ್ಲ. ಅಜ್ಜಿಗೆ ಮಾತ್ರ ನೀನೇ ತಿಳಿಸಿ ಹೇಳಬೇಕು. ನಾನು ಹೇಳಿದರೆ ಕುಪ್ಪಸದ ಕಣ ವಾಪಸ್ ಕೊಡು ಎನ್ನುತ್ತಾಳೆ, ನಾನು ಅದನ್ನು ಹೊಲಿಸಿ, ತೊಟ್ಟು, ಹಳೆಯದೂ ಮಾಡಿದ್ದೇನೆ.

ಸಿಟ್ಟು ಬಂದರೆ ಬೈ, ಮಾವ. ಮಾತು ಮಾತ್ರ ಬಿಡಬೇಡ. ನೀನು ಮಾತು ಬಿಟ್ಟರೆ ನನಗೆ ಅಮ್ಮನ ತವರಿನ ದಾರಿಯೇ ಮುಚ್ಚಿಹೋಗುತ್ತದೆ.

ನಿನ್ನ ಅಕ್ಕನ ಮಗಳಾಗಿಯೇ ಉಳಿಯಬೇಕೆಂದಿರುವ,
ವನಿತಾ

ತಾ.ಕ.: ಕೇಳಬೇಡ ಎಂದರೆ ನೀನು ಕೇಳದೆ ಇರುವವನಲ್ಲ, ಹೇಳಿಬಿಡುತ್ತೇನೆ. ನಮ್ಮ ಆಸ್ಪತ್ರೆಯ ಡಾಕ್ಟರು ಒಂದು ಲಕ್ಷ ಮುಂಗಡ ಕೊಡುತ್ತಾರೆ. ಐದು ವರ್ಷ ಇದೇ ಸಂಬಳಕ್ಕೆ ಇಲ್ಲೇ ದುಡಿಯುತ್ತೇನೆಂದು ಬಾಂಡ್ ಬರೆದುಕೊಟ್ಟಿದ್ದೇನೆ. ನಡುವೆ ಬಿಟ್ಟರೆ ಮೂರು ಪಟ್ಟು ಕಟ್ಟಬೇಕು. ನನ್ನ ಒರಿಜಿನಲ್ ಸರ್ಟಿಫಿಕೇಟುಗಳೆಲ್ಲ ಅವರ ಬೀರುವಿನಲ್ಲಿವೆ. ಅಮ್ಮನಿಗೆ ತಿಳಿಸಬೇಡ. ಆದರೆ ಹಣ ಕೈಗೆ ಬರಬೇಕಾದರೆ ಯಾರಾದರೂ ಒಬ್ಬರು ಜಾಮೀನು ನಿಲ್ಲಬೇಕಂತೆ. ತುಂಬಾ ಯೋಚಿಸಿದೆ. ನಿನ್ನ ಹೆಸರು ಬಿಟ್ಟು ಬೇರೊಂದು ಹೊಳೆಯಲಿಲ್ಲ. ಇಪ್ಪತ್ತೆರಡನೇ ತಾರೀಖು ಸೋಮವಾರ ಬಂದು ಸಹಿ ಹಾಕುತ್ತೀಯಾ ಮಾವ? ಅಜ್ಜಿಯನ್ನು ಮಾತ್ರ ಕರೆತರಬೇಡ.