ಖಾಲಿ ಬಿಟ್ಟ ಸುತ್ತು

ನವೆಂಬರ್ ೧೪, ಗುರುವಾರ

ನಾನು ಮಾಡಿದ ಕಾಕಸಸ್ ನುಡಿಗಳ ನಕ್ಷೆ ಅಚ್ಚಾಗಿ ಬಂತು. ಅದೀಗೆ, ಕಬರ್ದಿ, ಅಬ್ಖಾಜ್ ಊರುಗಳಲ್ಲಿ ತುಟಿ ದುಂಡಗೆ ಮಾಡಿ ವ್ಯಂಜನ ನುಡಿಯುವ ಕಡೆಗೆಲ್ಲ ಕಪ್ಪು ಚುಕ್ಕೆ. ಹೊಳೆಯಾಚೆಯ ದಾಖಾನಾ ಎಂಬಾಕೆಯ ಊರಿಗೆ ಮಾತ್ರ ಖಾಲಿ ಸುತ್ತು, ಅಲ್ಲಿ ತುಟಿ ದುಂಡಗಾಗುವುದಿಲ್ಲವೆಂದು.

ಅವತ್ತು ನಕ್ಷೆಗೆಂದು ಅವಳ ದನಿ ಮುದ್ರಿಸುವಾಗ ಬಾಗಿಲಲ್ಲೇ ಅವಳ ಮಾವ ಕೂತಿದ್ದರು. ನಮ್ಮಲ್ಲಿ ಮಾವನೆದುರು ಸೊಸೆ ಬಾಯಿ ಬಿಡುವಂತಿಲ್ಲ. ಅದೀಗೆಯವನೇ ಆದ ನನಗೆ ಗೊತ್ತಿರಲಿಲ್ಲವೇ? ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ. ಅವಳು ತುಟಿ ಅಲುಗಿಸದೆ ಗೊಣಗಿದಳು, ಅದನ್ನೇ ಬರೆದುಕೊಂಡೆ.

ಇವತ್ತು ಸಂತೆಯಲ್ಲಿ ಚೀಸ್ ತುಂಬಿದ ಹಲೂಜ್ ಮಾರುತ್ತಿದ್ದಳು. ಮಾತುಮಾತಿಗೂ ತುಟಿ ದುಂಡಗಾಗುತ್ತಿತ್ತು.

"ಏನಣ್ಣಾ, ನಮ್ಮೂರ್ ಮಾತು ಸರಿಯಾಗಿ ಬಂತಾ? ಮಾವ ತೀರ್ಕೊಂಡ್ರು. ಈಗ್ ಬಾ, ಊರಿಗೇ ಕೇಳೋ ಹಂಗೆ ಹೇಳ್ತೀನಿ. ತಗೋ, ಬಿಸಿಯಿದೆ, ತಿನ್ನು."

ನಕ್ಷೆ ಚೀಲದಲ್ಲೇ ಇತ್ತು. ತುಟಿ ಪಿಟಕ್ಕೆನ್ನದೆ ತಿಂದು ಬಂದೆ.